ಉಳಿಸಿದ ವಿದ್ಯುತ್ತು ಯಾರ ಪಾಲಿಗೆ?

ಕಳೆದ ಬೇಸಗೆಯ ಒಂದು ಶನಿವಾರ ಸಂಜೆ ಕದರಮಂಡಲಗಿಯಲ್ಲಿ ಕಾಂತೇಶನ ದರ್ಶನ ಮುಗಿಸಿಕೊಂಡು ಚಹದಂಗಡಿಯ ಬಾಕಿನ ಮೇಲೆ ಕುಳಿತಿದ್ದೆ. ನನ್ನ ಹಳೆಯ ಶಿಷ್ಯನೊಬ್ಬ ಬಂದು ನಮಸ್ಕಾರ ಮಾಡಿ ಮಗ್ಗುಲಲ್ಲಿ ಕುಳಿತ. ಶಾಲೆಯಲ್ಲಿದ್ದಾಗ ಸಂಧಿ ಸಮಾಸಗಳಿಗೆ ಹೆದರುತ್ತಿದ್ದ ಹುಡುಗ. ಈಗ ಐದು ಎಕರೆಯ ಒಕ್ಕಲಿಗ. ಎರಡು ಎಕರೆಯಲ್ಲಿ ಅಡಿಕೆ ಸಸಿ ಹಚ್ಚಿದ್ದಾನೆ. ಆ ಸಸಿಗಳ ಚಿಂತೆ ಅವನ ಮುಖದ ಮೇಲಿತ್ತು. ಅವನ ಹೊಲಕ್ಕೆ ವಿದ್ಯುತ್ತು ಕೊಡುವ ಟಿ.ಸಿ. ಸುಟ್ಟು ಹನ್ನೊಂದು ದಿನವಾಗಿತ್ತು. ಚಹ ಕುಡಿಯುತ್ತ ಅವನು ಕೇಳಿದ:

“ಸರ, ಕರೆಂಟ ಉಳಿಸ್ರಿ, ಕರೆಂಟ ಉಳಿಸ್ರಿ ಅಂತ ರೇಡಿಯೋದಾಗ ಹೇಳತಾರ. ನಮ್ಮ ಪಂಪಿಗೆ ಬಿಲ್ಲಿಲ್ಲ. ನಾ ಉಳಿಸಿದ್ದು ಯಾರ ಮನೀಗೆ ಹೋಗತೈತಿ? ನನಗೇನು ಸಿಗತೈತಿ?”

ವ್ಯಾಕರಣದ ಪ್ರಶ್ನೆಯಾಗಿದ್ದರೆ ಕೂಡಲೆ ಉತ್ತರ ಕೊಡುತ್ತಿದ್ದೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. “ವಿಚಾರ ಮಾಡಿ ಹೇಳತೀನಪ್ಪ” ಎಂದು ಎದ್ದು ಬಂದೆ. ಆಮೇಲೆ ಕೆಲವು ತಿಂಗಳು ಓದಿ, ಬಲ್ಲವರನ್ನು ಕೇಳಿ, ನಾಲ್ಕಾರು ಬಾವಿಗಳ ಬಳಿ ನಿಂತು ನೋಡಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ನಾನು ವಿಜ್ಞಾನದ ಅಧ್ಯಾಪಕನಲ್ಲ, ಕನ್ನಡ ಕಲಿಸುವವನು. ಆದ್ದರಿಂದ ಲೆಕ್ಕಗಳನ್ನು ನನ್ನಂಥವರಿಗೆ ತಿಳಿಯುವಷ್ಟು ಸರಳವಾಗಿಯೇ ಹೇಳುತ್ತೇನೆ.

ಮೊದಲು ಶಬ್ದದ ವಿಚಾರ. ‘ಮಿತವ್ಯಯ’ ಎಂಬುದೊಂದು, ‘ದಕ್ಷತೆ’ ಎಂಬುದು ಇನ್ನೊಂದು. ಈ ಎರಡನ್ನೂ ನಾವು ‘ಉಳಿತಾಯ’ ಎಂಬ ಒಂದೇ ಚೀಲದಲ್ಲಿ ತುಂಬಿಬಿಡುತ್ತೇವೆ. ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರು ಹನುಮಪ್ಪರನ್ನು ಒಂದೇ ದಿನ ಕಂಡರೆ ಪುಣ್ಯವೆಂದು ನಂಬಿದ ಭಕ್ತರು ನಮ್ಮ ಊರಿಗೆ ಬರುತ್ತಾರೆ. ಬಂದವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಎಣ್ಣೆ ಎಷ್ಟು ಎರೆದರೂ ಬೆಳಕು ಬತ್ತಿಯ ಮೇಲೆ ನಿಂತಿದೆ. ಬತ್ತಿಯನ್ನು ದಪ್ಪವಾಗಿ ಒರಟಾಗಿ ಹೊಸೆದರೆ ಎಣ್ಣೆ ಬಹಳ ಸುಡುತ್ತದೆ, ಹೊಗೆ ಏಳುತ್ತದೆ. ಬೆಳಕು ಮಾತ್ರ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹದವಾಗಿ ಹೊಸೆದು, ಕುಡಿ ಕತ್ತರಿಸಿದ ಬತ್ತಿ ಕಡಿಮೆ ಎಣ್ಣೆಯಲ್ಲಿ ಅಷ್ಟೇ ಬೆಳಕು ಕೊಡುತ್ತದೆ. ದೀಪವನ್ನೇ ಆರಿಸಿ ಕತ್ತಲೆಯಲ್ಲಿ ಕೂಡುವುದು ಉಪವಾಸ. ಅದೇ ಬೆಳಕನ್ನು ಕಡಿಮೆ ಎಣ್ಣೆಯಲ್ಲಿ ಪಡೆಯುವುದು ದಕ್ಷತೆ. ನಾನು ಮಾತಾಡುವುದು ಈ ಎರಡನೆಯದನ್ನು ಕುರಿತು. ರೈತನಿಗೆ ನೀರು ಕಡಿಮೆ ಬಳಸು, ಮನೆಯವರಿಗೆ ದೀಪ ಹಚ್ಚಬೇಡ ಎಂದು ಹೇಳುವುದು ನನ್ನ ಉದ್ದೇಶವಲ್ಲ.

ನಮ್ಮ ನಾಡು ವಿದ್ಯುತ್ತಿನ ಕೊರತೆಗೆ ಇಲ್ಲಿಯವರೆಗೆ ಹೇಗೆ ಉತ್ತರ ಕೊಟ್ಟಿದೆ ಎಂಬುದನ್ನು ನೋಡೋಣ. ೧೯೦೨ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆಗ ನಮ್ಮ ಭಾಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿತ್ತು. ಹಳ್ಳಿಗಳಲ್ಲಿ ಇದ್ದದ್ದು ಎಣ್ಣೆಯ ದೀಪ, ಹೊಲದಲ್ಲಿ ಇದ್ದದ್ದು ಕಪಿಲೆ ಬಾವಿ. ಬೇಡಿಕೆ ಏರಿದಂತೆ ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಬಂದಿತು. ೧೯೬೪ರ ಸುಮಾರಿಗೆ ಶರಾವತಿಯ ದೊಡ್ಡ ಯೋಜನೆ ವಿದ್ಯುತ್ತು ಕೊಡತೊಡಗಿತು. ಅದೂ ಸಾಲದೆ ೧೯೮೫ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲನೆಯ ಘಟಕ ನಡೆಯಿತು. ೨೦೧೯ರ ಹೊತ್ತಿಗೆ ಪಾವಗಡದ ಬಯಲಿನಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನ ಪೂರ್ಣಗೊಂಡಿತು. ಕೊರತೆ ಬಂದಾಗಲೆಲ್ಲ ನಾವು ಇನ್ನೊಂದು ವಿದ್ಯುದಾಗಾರ ಕಟ್ಟಿದ್ದೇವೆ. ತಪ್ಪೆನ್ನಲಾಗದು. ಆದರೆ ಅಣೆಕಟ್ಟಿಗೆ ಮಳೆ ಬೇಕು, ಕಲ್ಲಿದ್ದಲು ಹೊರರಾಜ್ಯದಿಂದ ಬರಬೇಕು, ಬಿಸಿಲು ಸಂಜೆಗೆ ಮುಳುಗುತ್ತದೆ. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತೆಂಬುದು ಒಕ್ಕಲಿಗರಿಗೆ ನೆನಪಿದೆ. ಜಲಾಶಯಗಳು ತಗ್ಗಿದವು; ಬೆಳೆ ಒಣಗುತ್ತಿದ್ದುದರಿಂದ ಪಂಪುಗಳ ಬೇಡಿಕೆ ಅದೇ ಹೊತ್ತಿನಲ್ಲಿ ಏರಿತು. ದಿನಕ್ಕೆ ಏಳು ತಾಸು ಬರಬೇಕಾದ ಮೂರು ಫೇಸಿನ ವಿದ್ಯುತ್ತು ಆ ಅಕ್ಟೋಬರಿನಲ್ಲಿ ಐದು ತಾಸಿಗೆ ಇಳಿಯಿತು. ನೀರು ಬೇಕಾದಾಗಲೇ ವಿದ್ಯುತ್ತಿಲ್ಲ, ಏಕೆಂದರೆ ಎರಡಕ್ಕೂ ತಾಯಿ ಒಂದೇ ಮಳೆ.

ಈ ದಾರಿಗೆ ಬೇರೊಂದು ಜೊತೆದಾರಿ ಇದೆಯೆಂದು ತೋರಿಸಿದವರು ನಮ್ಮ ರಾಜ್ಯದಲ್ಲಿಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯಕುಮಾರ ರೆಡ್ಡಿಯವರು ೧೯೭೪ರಲ್ಲಿ ಹಳ್ಳಿಗಳಿಗಾಗಿ ವಿಜ್ಞಾನವನ್ನು ದುಡಿಸುವ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ೧೯೮೭ರಲ್ಲಿ ಸರಕಾರದ ಒಂದು ಸಮಿತಿ ಇಸವಿ ೨೦೦೦ಕ್ಕೆ ಕರ್ನಾಟಕಕ್ಕೆ ಎಷ್ಟು ವಿದ್ಯುತ್ತು ಬೇಕೆಂದು ಅಂದಾಜು ಹಾಕಿತು. ಹಿಂದೆ ಬೇಡಿಕೆ ಏರಿದ ಗತಿಯಲ್ಲಿಯೇ ಮುಂದೆಯೂ ಏರುವುದೆಂದು ಗೆರೆ ಎಳೆದು, ಸುಮಾರು ೯,೪೦೦ ಮೆಗಾವಾಟ್ ಬೇಕೆಂದಿತು. ಅಷ್ಟನ್ನು ಕಟ್ಟುವುದಕ್ಕೆ ಬೇಕಾದ ಹಣವೋ ಅಪಾರ.

ರೆಡ್ಡಿಯವರು ಮತ್ತು ಅವರ ಸಹೋದ್ಯೋಗಿಗಳು ಪ್ರಶ್ನೆಯನ್ನೇ ತಿರುಗಿಸಿದರು. ಜನರಿಗೆ ಬೇಕಾದದ್ದು ಏನು? ವಿದ್ಯುತ್ತನ್ನು ಯಾರೂ ತಿನ್ನುವುದಿಲ್ಲ, ಉಡುವುದಿಲ್ಲ. ಬೇಕಾದದ್ದು ಬೆಳಕು, ಬಾವಿಯ ನೀರು, ಮೀಯುವ ಬಿಸಿನೀರು, ಬೆಂದ ಅನ್ನ, ತಿರುಗುವ ಗಿರಣಿ. ಹಾಗಿದ್ದರೆ ಈ ಕೆಲಸಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದನ್ನೂ ಅತಿ ಕಡಿಮೆ ಖರ್ಚಿನಲ್ಲಿ ಮಾಡುವ ಬಗೆ ಯಾವುದೆಂದು ನೋಡಬೇಕು. ತಂತಿ ಕಾಯ್ದು ಉರಿಯುವ ಹಳೆಯ ಬಲ್ಬಿನ ಬದಲು ಉತ್ತಮ ದೀಪ, ಸುಧಾರಿಸಿದ ಪಂಪುಸೆಟ್ಟು, ಸ್ನಾನದ ನೀರಿಗೆ ವಿದ್ಯುತ್ತಿನ ಬದಲು ಬಿಸಿಲು, ಅಡಿಗೆಗೆ ವಿದ್ಯುತ್ ಒಲೆಯ ಬದಲು ಅನಿಲ. ಇದರ ಮೇಲೆ ರಾಜ್ಯದ ಎಲ್ಲ ಮನೆಗಳಿಗೂ ದೀಪ ಕೊಡುವ ಲೆಕ್ಕವನ್ನೂ ಅವರು ಸೇರಿಸಿದರು. ೧೯೯೧ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಬೇಕಾದದ್ದು ಸುಮಾರು ೪,೦೦೦ ಮೆಗಾವಾಟ್ ಮಾತ್ರ. ಸಮಿತಿ ಕೇಳಿದ ಸಾಮರ್ಥ್ಯದಲ್ಲಿ ನೂರಕ್ಕೆ ೪೨, ವರ್ಷದ ಒಟ್ಟು ವಿದ್ಯುತ್ತಿನಲ್ಲಿ ನೂರಕ್ಕೆ ೩೮. ದೀಪವಿಲ್ಲದ ಮನೆಗೂ ದೀಪ ಕೊಟ್ಟ ಮೇಲೆ ಬಂದ ಸಂಖ್ಯೆ ಇದು ಎಂಬುದನ್ನು ಗಮನಿಸಬೇಕು. ರೆಡ್ಡಿಯವರು ೨೦೦೬ರಲ್ಲಿ ತೀರಿಕೊಂಡರು. ಅವರ ಲೆಕ್ಕವನ್ನು ಇಡಿಯಾಗಿ ಯಾರೂ ಕೈಗೆತ್ತಿಕೊಳ್ಳಲಿಲ್ಲವಾದರೂ ಬಿಡಿಬಿಡಿಯಾಗಿ ಕೆಲವು ಅಂಶಗಳು ನಮ್ಮ ಮನೆಗಳಿಗೆ ಬಂದಿವೆ.

ದೀಪವನ್ನೇ ನೋಡಿರಿ. ೨೦೧೫ರಲ್ಲಿ ದೇಶದಲ್ಲಿ ಉಜಾಲಾ ಎಂಬ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಿಂದ ನಡೆಯಿತು. ೬೦ ವಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ೯ ವಾಟಿನ ಎಲ್.ಇ.ಡಿ. ಕೊಡಬಲ್ಲುದು. ನಮ್ಮ ಎಂಟನೆಯ ಇಯತ್ತೆಯ ಮಕ್ಕಳಿಗೆ ಇದನ್ನು ಮೀಟರಿನ ಮುಂದೆ ನಿಲ್ಲಿಸಿ ತೋರಿಸಿದೆವು. ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಬಳಕೆ ಹೆಚ್ಚಿದಷ್ಟೂ ಅದರ ಮಿನುಗು ಚುರುಕು. ಹಳೆಯ ಬಲ್ಬು ಉರಿಯುವಾಗ ಮಕ್ಕಳು ಸಲೀಸಾಗಿ ಮಿನುಗು ಎಣಿಸಿದರು. ಹೊಸ ದೀಪ ಹಚ್ಚಿದಾಗ “ಇನ್ನೂ ಮಿನುಗಲಿಲ್ಲ ಸರ” ಎಂದು ಕಾಯುತ್ತ ನಿಂತರು. ಆ ಕಾಯುವಿಕೆಯಲ್ಲಿಯೇ ಅವರಿಗೆ ಪಾಠವಾಯಿತು. ಈ ದೀಪ ಊರೂರಿಗೆ ಹರಡಿತು, ಏಕೆಂದರೆ ಕೊಂಡವನ ಬಿಲ್ಲು ಮರುತಿಂಗಳೇ ಇಳಿಯಿತು. ಬ್ಯಾಡಗಿಯ ಸುತ್ತ ಮೆಣಸಿನಕಾಯಿಯ ಬಣ್ಣ ಕೆಡದಂತೆ ಇಡುವ ಶೀತಲಗೃಹಗಳಿವೆಯಷ್ಟೆ. ತಂಪು ಹಿಡಿಯುವುದು ವಿದ್ಯುತ್ತು ಬೇಡುವ ಕೆಲಸ. ತಂಪು ಸೋರಿದರೆ ಬಿಲ್ಲು ಏರುತ್ತದೆ, ಆದ್ದರಿಂದ ಗೋಡೆಯ ಹೊದಿಕೆ, ಬಾಗಿಲಿನ ಸಂದಿ ಇವುಗಳ ಮೇಲೆ ಮಾಲಕರ ಕಣ್ಣಿರುತ್ತದೆ. ಎಲ್ಲಿ ಉಳಿಸುವವನೂ ಲಾಭ ಪಡೆಯುವವನೂ ಒಬ್ಬನೇ ಆಗಿರುತ್ತಾನೋ ಅಲ್ಲಿ ದಕ್ಷತೆ ತಾನಾಗಿ ಬರುತ್ತದೆ. ನನ್ನ ಶಿಷ್ಯನ ತೊಡಕು ಇಲ್ಲಿಯೇ ಇದೆ. ಅವನ ಹೊಲದಲ್ಲಿ ಇವರಿಬ್ಬರೂ ಬೇರೆ ಬೇರೆ.

ಇನ್ನು ಹೊಲಕ್ಕೆ ಹೋಗೋಣ. ಕರ್ನಾಟಕದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪುಸೆಟ್ಟುಗಳಿವೆ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಅವುಗಳಿಗೆ ಹೋಗುತ್ತದೆ. ೨೦೦೮ರಿಂದ ಹತ್ತು ಹಾರ್ಸ್‌ಪವರಿನವರೆಗಿನ ಪಂಪಿಗೆ ವಿದ್ಯುತ್ತು ಉಚಿತ. ಹಣವನ್ನು ಸರಕಾರ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತದೆ. ಬೆಳೆಗೆ ಬೆಲೆ ಸಿಗದ ಒಕ್ಕಲಿಗನಿಗೆ ಇದು ದೊಡ್ಡ ಆಸರೆ, ಅದನ್ನು ಹಳಿಯುವವನು ನಾನಲ್ಲ. ಆದರೆ ಆ ವಿದ್ಯುತ್ತು ಬಾವಿಯ ತನಕ ಬಂದು ಏನಾಗುತ್ತದೆ ಎಂಬುದನ್ನು ನೋಡಬೇಕು.

ರಾಯಚೂರಿನಲ್ಲಿ ನೂರು ಪಾಲು ಕಲ್ಲಿದ್ದಲಿನ ಶಾಖವನ್ನು ಉರಿಸಿದರೆ ಸುಮಾರು ಮೂವತ್ತೈದು ಪಾಲು ವಿದ್ಯುತ್ತಾಗುತ್ತದೆ. ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ತಂತಿಗುಂಟ ಬರುವಾಗ ಇನ್ನೈದು ಪಾಲು ಸೋರಿ ಮೂವತ್ತು ಪಾಲು ಹೊಲಕ್ಕೆ ಮುಟ್ಟಿತೆನ್ನಿರಿ. ಮೋಟರು, ಪಂಪು, ಕೊಳವೆ ಮೂರೂ ಕೂಡಿ ಅದರಲ್ಲಿ ನೂರಕ್ಕೆ ಮೂವತ್ತನ್ನು ಮಾತ್ರ ನೀರೆತ್ತುವುದಕ್ಕೆ ಬಳಸಿದರೆ, ಕೊನೆಗೆ ಉಳಿಯುವುದು ಒಂಬತ್ತು ಪಾಲು. ಸುಟ್ಟದ್ದು ನೂರು, ನೀರಾದದ್ದು ಒಂಬತ್ತು. ಇದು ಸ್ಥೂಲವಾದ ಲೆಕ್ಕ, ಆದರೆ ಇದರಲ್ಲಿ ಒಂದು ನೀತಿಯಿದೆ. ಸರಪಳಿಯ ತುದಿಯಲ್ಲಿ, ಬಾವಿಯ ಬಳಿ, ಒಂದು ಪಾಲು ಉಳಿಸಿದರೆ ಬುಡದಲ್ಲಿ ಮೂರು ಪಾಲಿಗೂ ಮಿಕ್ಕಿ ಕಲ್ಲಿದ್ದಲು ಉಳಿಯುತ್ತದೆ. ಆದ್ದರಿಂದಲೇ ಬಾವಿಯ ಬಳಿಯ ಸುಧಾರಣೆಗೆ ಅಷ್ಟು ಮಹತ್ವ.

ಪಂಪು ಏಕೆ ಇಷ್ಟು ಪೋಲು ಮಾಡುತ್ತದೆ? ಬಾವಿಗಳ ಬಳಿ ನಾನು ಕಂಡ ಕಾರಣಗಳು ಹೊಸವೇನಲ್ಲ. ಎಲ್ಲ ಒಕ್ಕಲಿಗರಿಗೂ ಗೊತ್ತಿದ್ದವೇ. ಮೋಟರು ಸುಟ್ಟಾಗ ಹೊಸದಾಗಿ ತಂತಿ ಸುತ್ತಿಸುತ್ತೇವೆ; ಮೂರು ನಾಲ್ಕು ಸಲ ಸುತ್ತಿಸಿದ ಮೋಟರು ಮೊದಲಿನಂತೆ ದುಡಿಯುವುದಿಲ್ಲ. ನೀರಿನ ಮಟ್ಟ ಇಳಿಯುತ್ತಿದೆಯೆಂದು ಹೆದರಿ ಮೂರು ಹಾರ್ಸ್‌ಪವರ್ ಸಾಕಾಗುವಲ್ಲಿ ಏಳೂವರೆ ಇಳಿಸುತ್ತೇವೆ. ಕೊಳವೆಬಾವಿಯ ಪಂಪಿಗೆ ಇಂತಿಷ್ಟು ಆಳದಿಂದ ಇಂತಿಷ್ಟು ನೀರು ಎತ್ತುವಾಗ ಚೆನ್ನಾಗಿ ನಡೆಯುವ ಒಂದು ಹದವಿರುತ್ತದೆ. ಆ ಹದ ತಪ್ಪಿದರೆ ಶಬ್ದ ಮಾಡುತ್ತ ವಿದ್ಯುತ್ತು ತಿನ್ನುತ್ತದೆ, ನೀರು ಕಡಿಮೆ. ಉಸುಕು ಬಂದು ಒಳಗಿನ ತಿರುಗಣಿಗಳು ಸವೆಯುತ್ತವೆ. ಕೊಳವೆಯ ಜೋಡಣೆಗಳಲ್ಲಿ ನೀರು ಮರಳಿ ಬಾವಿಗೆ ಸೋರುತ್ತದೆ. ಹಳೆಯ ತೆರೆದ ಬಾವಿಗಳಲ್ಲಾದರೆ ತಳದ ಫುಟ್‌ವಾಲ್ವು ಇಕ್ಕಟ್ಟಾಗಿರುತ್ತದೆ, ಸಣ್ಣ ತುಕ್ಕು ಹಿಡಿದ ಕೊಳವೆಯಲ್ಲಿ ನೀರು ತಿಕ್ಕಾಡುತ್ತ ಏರಬೇಕಾಗುತ್ತದೆ. ಯಂತ್ರದ ದೋಷ ಇಷ್ಟಾದರೆ, ಬೆಲೆಯ ದೋಷ ಇನ್ನೊಂದು. ಅಂಗಡಿಯಲ್ಲಿ ಅಗ್ಗದ ಪಂಪು, ದುಬಾರಿ ಆದರೆ ಮಿತವಾಗಿ ತಿನ್ನುವ ಪಂಪು ಎರಡೂ ಇದ್ದರೆ, ಬಿಲ್ಲು ಕಟ್ಟದವನು ಅಗ್ಗದ್ದನ್ನೇ ಕೊಳ್ಳುವುದು ಸಹಜ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇದಕ್ಕೆ ಉತ್ತರವನ್ನು ಹುಡುಕಿದ ಪ್ರಯೋಗ ಬೇರೆಲ್ಲೋ ನಡೆಯಲಿಲ್ಲ, ನಮ್ಮ ಬ್ಯಾಡಗಿ ಉಪವಿಭಾಗದಲ್ಲಿಯೇ ನಡೆಯಿತೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಕಳೆದ ದಶಕದಲ್ಲಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, ಮತ್ತು ಕೇಂದ್ರ ಸರಕಾರದ ಎನರ್ಜಿ ಎಫಿಶಿಯೆನ್ಸಿ ಸರ್ವಿಸಸ್ ಲಿಮಿಟೆಡ್ ಕೂಡಿ ಬ್ಯಾಡಗಿ ಮತ್ತು ನಿಪ್ಪಾಣಿ ಉಪವಿಭಾಗಗಳಲ್ಲಿ ೫೯೦ ಹಳೆಯ ಪಂಪುಸೆಟ್ಟುಗಳನ್ನು ತೆಗೆದು, ನಕ್ಷತ್ರದ ಗುರುತಿನ ದಕ್ಷ ಪಂಪುಗಳನ್ನು ಕೂಡಿಸಿದವು. ರೈತನ ಕೈಯಿಂದ ಪಂಪಿನ ಬೆಲೆ ಕೇಳುವುದಿಲ್ಲ. ಹಣ ಹೂಡಿದ ಸಂಸ್ಥೆಗೆ ಉಳಿದ ವಿದ್ಯುತ್ತಿನ ಬೆಲೆಯಿಂದಲೇ ತೀರಿಸಬೇಕೆಂಬುದು ಇಂಥ ಯೋಜನೆಯ ಏರ್ಪಾಡು. ಫಲವಾಗಿ ನೂರಕ್ಕೆ ೩೭ರಷ್ಟು ವಿದ್ಯುತ್ತು ಉಳಿಯಿತು.

ಮೂವತ್ತೇಳು ಎಂದರೆ ಎಷ್ಟು? ಹಲಗೆಯ ಮೇಲೆ ಲೆಕ್ಕ ಮಾಡೋಣ. ಐದು ಹಾರ್ಸ್‌ಪವರಿನ ಒಂದು ಮೋಟರು ತಾಸಿಗೆ ಸುಮಾರು ೪.೭ ಯೂನಿಟ್ ಎಳೆಯುತ್ತದೆ. ಏಳು ತಾಸಿಗೆ ೩೩ ಯೂನಿಟ್. ಅದರಲ್ಲಿ ನೂರಕ್ಕೆ ೩೭ ಎಂದರೆ ದಿನಕ್ಕೆ ೧೨ ಯೂನಿಟ್. ೫೯೦ ಪಂಪುಗಳೂ ಇದೇ ಅಳತೆಯವೆಂದು ಭಾವಿಸಿದರೆ ಎಲ್ಲವೂ ಓಡಿದ ದಿನ ಏಳು ಸಾವಿರ ಯೂನಿಟ್ ಉಳಿಯಿತೆಂದಾಯಿತು. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗಳಾದರೆ, ಒಂದೇ ದಿನದ ಈ ಉಳಿತಾಯ ಎಪ್ಪತ್ತು ಮನೆಗಳ ಒಂದು ತಿಂಗಳ ಬಳಕೆ. ಇದಕ್ಕಾಗಿ ಯಾವ ಕಾಡೂ ಮುಳುಗಲಿಲ್ಲ, ಯಾವ ಚಿಮಣಿಯೂ ಏಳಲಿಲ್ಲ.

ನನ್ನ ಶಿಷ್ಯನಿಗೆ ಇಷ್ಟನ್ನು ಹೇಳಿದರೆ ಅವನು ಸುಮ್ಮನಾಗುವನೆ? “ಸರಕಾರಕ್ಕ ಉಳೀತು, ನನಗೇನು?” ಎಂದು ಮತ್ತೆ ಕೇಳುತ್ತಾನೆ. ಉತ್ತರ ಅವನ ಹೊಲದ ಅಂಚಿನಲ್ಲಿ ಎರಡು ಕಂಬಗಳ ನಡುವೆ ತೂಗುತ್ತಿದೆ. ಅದೇ ಟಿ.ಸಿ.

ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಟಿ.ಸಿ.ಗಳಲ್ಲಿ ೬೩ ಕೆ.ವಿ.ಎ. ಎಂಬುದೊಂದು ಅಳತೆ. ಇದನ್ನು ಆ ಟಿ.ಸಿ. ಹೊರಬಲ್ಲ ಹೊರೆಯೆಂದು ತಿಳಿದರೆ ಸಾಕು. ಐದು ಹಾರ್ಸ್‌ಪವರಿನ ಒಂದು ಮೋಟರು ಸುಮಾರು ಆರು ಕೆ.ವಿ.ಎ. ಹೊರೆ ಹಾಕುತ್ತದೆ. ಹತ್ತು ಮೋಟರಿಗೆ ಅರವತ್ತು, ಸರಿಹೋಯಿತು. ಹನ್ನೆರಡಾದರೆ ಎಪ್ಪತ್ತು, ಎತ್ತಿನ ಗಾಡಿಗೆ ಮಿತಿಮೀರಿದ ಚೀಲ ಹೇರಿದ ಹಾಗೆ. ಆಗ ವೋಲ್ಟೇಜು ಇಳಿಯುತ್ತದೆ. ಮೂರು ಫೇಸಿನ ಮೋಟರಿಗೆ ೪೧೫ ವೋಲ್ಟು ಬೇಕು. ವೋಲ್ಟೇಜು ಹತ್ತರಲ್ಲೊಂದು ಪಾಲು ತಗ್ಗಿದರೆ ಮೋಟರಿನ ತಿರುಗಿಸುವ ಬಲ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗುತ್ತದೆ. ಆ ಕೊರೆಯನ್ನು ತುಂಬಿಕೊಳ್ಳಲು ಅದು ಹೆಚ್ಚು ಕರೆಂಟು ಎಳೆಯುತ್ತದೆ, ಕಾಯುತ್ತದೆ, ಒಂದು ದಿನ ಸುಡುತ್ತದೆ. ಇದರ ಮೇಲೆ ನಾವು ಆಟೋ ಸ್ಟಾರ್ಟರ್ ಕೂಡಿಸಿ ಮನೆಯಲ್ಲಿ ಮಲಗಿರುತ್ತೇವೆ. ನಡುರಾತ್ರಿ ಕರೆಂಟು ಬಂದ ಕ್ಷಣ ಹನ್ನೆರಡೂ ಮೋಟರುಗಳು ಒಮ್ಮೆಲೆ ಏಳುತ್ತವೆ. ಎದ್ದೇಳುವಾಗ ಮೋಟರು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯಬಲ್ಲುದು. ಟಿ.ಸಿ. ಸುಡದೆ ಏನು ಮಾಡೀತು?

ಈಗ ಬ್ಯಾಡಗಿಯ ನೂರಕ್ಕೆ ೩೭ನ್ನು ಈ ಹನ್ನೆರಡು ಮೋಟರಿಗೆ ಹಚ್ಚಿ ನೋಡಿರಿ. ಎಪ್ಪತ್ತರ ಹೊರೆ ನಲವತ್ತನಾಲ್ಕಕ್ಕೆ ಇಳಿಯುತ್ತದೆ. ಟಿ.ಸಿ. ನಿರಾಳವಾಗಿ ಉಸಿರಾಡುತ್ತದೆ. ಇಷ್ಟೇ ಅಲ್ಲ. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕರೆಂಟಿನ ವರ್ಗದ ಪ್ರಮಾಣದಲ್ಲಿರುತ್ತದೆ. ಕರೆಂಟು ಅರ್ಧವಾದರೆ ನಷ್ಟ ಕಾಲು ಭಾಗವಾಗುತ್ತದೆ. ಹೊರೆ ನೂರರಿಂದ ಅರವತ್ತಮೂರಕ್ಕೆ ಇಳಿದಾಗ, ಮೊದಲು ಹತ್ತು ಪಾಲು ಇದ್ದ ನಷ್ಟ ನಾಲ್ಕು ಪಾಲಾಗುತ್ತದೆ. ತಂತಿಯ ಕಟ್ಟಕಡೆಗೆ ಇರುವ ಹೊಲಕ್ಕೂ ವೋಲ್ಟೇಜು ನಿಲ್ಲುತ್ತದೆ.

ಆದರೆ ಇಲ್ಲಿಯೇ ಮುಖ್ಯವಾದ ಮಾತಿದೆ. ಹನ್ನೆರಡು ಮಂದಿಯಲ್ಲಿ ನನ್ನ ಶಿಷ್ಯನೊಬ್ಬನೇ ಪಂಪು ಬದಲಿಸಿದರೆ ಹೊರೆ ಎಪ್ಪತ್ತರಿಂದ ಅರವತ್ತೆಂಟಕ್ಕೆ ಇಳಿದೀತು, ಅಷ್ಟೆ. ಟಿ.ಸಿ. ಆಗಲೂ ಸುಡುತ್ತದೆ. ಅವನಿಗೆ ಏನೂ ಸಿಗಲಿಲ್ಲವೆಂಬ ಅವನ ದೂರು ಆಗ ಸರಿಯೇ. ಹನ್ನೆರಡೂ ಮಂದಿ ಬದಲಿಸಿದರೆ ಹನ್ನೆರಡೂ ಮಂದಿಗೆ ಸಿಗುತ್ತದೆ. ಅವನು ಉಳಿಸಿದ ವಿದ್ಯುತ್ತು ಬೆಂಗಳೂರಿಗೆ ಹೋಗುವ ಮೊದಲು ಮಗ್ಗುಲ ಹೊಲದವನ ಮೋಟರನ್ನು ಕಾಯುತ್ತದೆ. ಮಗ್ಗುಲ ಹೊಲದವನು ಉಳಿಸಿದ್ದು ಇವನ ಮೋಟರನ್ನು ಕಾಯುತ್ತದೆ. ವಿದ್ಯುತ್ತಿನ ದಕ್ಷತೆ ಒಂಟಿ ಮನುಷ್ಯನ ವ್ರತವಲ್ಲ. ಅದು ಹಿಂದಿನವರು ಕೆರೆಯ ಹೂಳೆತ್ತುತ್ತಿದ್ದ ಹಾಗೆ, ಒಂದು ನೀರನ್ನು ಉಣ್ಣುವವರೆಲ್ಲರೂ ಕೂಡಿ ಮಾಡುವ ಕೆಲಸ. ಹಾಗಾಗಿ ಇಂಥ ಯೋಜನೆಗಳನ್ನು ರೈತರ ಪಟ್ಟಿ ಹಿಡಿದು ಅಲ್ಲೊಂದು ಇಲ್ಲೊಂದು ಪಂಪಿನಂತೆ ಮಾಡದೆ, ಟಿ.ಸಿ.ಗೊಂದು ಗುಂಪಿನಂತೆ ಮಾಡಬೇಕೆಂದು ನನಗೆ ತೋರುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಆ ಗುಂಪಿಗೇ ಕಣ್ಣಿಗೆ ಕಾಣುವಂತೆ ಮರಳಬೇಕು. ಒಳ್ಳೆಯ ವೋಲ್ಟೇಜು, ಸುಟ್ಟ ಟಿ.ಸಿ.ಗೆ ಬೇಗ ಬದಲಿ, ಹಗಲಿನ ಪಾಳಿ ಇವೇ ಆ ಪಾಲು. ಹಗಲಿನಲ್ಲಿ ಸೌರ ವಿದ್ಯುತ್ತು ಹೇರಳವಾಗಿರುವ ಈ ಕಾಲದಲ್ಲಿ ಒಕ್ಕಲಿಗನು ಹಾವು ಚೇಳುಗಳ ನಡುವೆ ರಾತ್ರಿ ನೀರು ಹಾಯಿಸುವುದು ಸಾಧ್ಯವಿದ್ದಷ್ಟು ತಪ್ಪಬೇಕು.

ಎಚ್ಚರಿಕೆಯ ಒಂದು ಮಾತನ್ನೂ ಹೇಳದಿದ್ದರೆ ನಾನು ಪಕ್ಷಪಾತ ಮಾಡಿದಂತಾಗುತ್ತದೆ. ೧೮೬೫ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್, ಉಗಿಯಂತ್ರ ಸುಧಾರಿಸಿದಂತೆ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರುತ್ತದೆಂದು ತೋರಿಸಿದ್ದನು. ಕೆಲಸ ಅಗ್ಗವಾದರೆ ಜನ ಹೆಚ್ಚು ಕೆಲಸ ಮಾಡಿಸುತ್ತಾರೆ. ನಮ್ಮ ಬಾವಿಗೂ ಈ ಮಾತು ಸಲ್ಲುತ್ತದೆ. ಅದೇ ಏಳು ತಾಸಿನಲ್ಲಿ ಹೊಸ ಪಂಪು ಹೆಚ್ಚು ನೀರೆತ್ತಿ, ನಾವು ಇನ್ನೊಂದು ಎಕರೆಗೆ ಅಡಿಕೆ ಹಚ್ಚಿದರೆ, ವಿದ್ಯುತ್ತು ಉಳಿಯುವುದಿಲ್ಲ. ನೆಲದಡಿಯ ನೀರೂ ಉಳಿಯುವುದಿಲ್ಲ. ನೀರು ಆಳಕ್ಕಿಳಿದಷ್ಟೂ ಅದನ್ನು ಎತ್ತಲು ಹೆಚ್ಚು ವಿದ್ಯುತ್ತು ಬೇಕು. ಆದ್ದರಿಂದ ಹೊಸ ಪಂಪು ಬಾವಿಯ ಇಳುವರಿಗೆ ತಕ್ಕಷ್ಟೇ ದೊಡ್ಡದಿರಬೇಕು, ಸಾಧ್ಯವಾದಲ್ಲಿ ಹನಿ ನೀರಾವರಿ ಅದರ ಜೊತೆಗಿರಬೇಕು. ಬೇರಿಗೆ ಮುಟ್ಟದ ನೀರನ್ನು ಎಷ್ಟು ದಕ್ಷವಾಗಿ ಎತ್ತಿದರೂ ಅದು ಪೋಲೇ.

ಒಕ್ಕಲಿಗನು ಸರಕಾರದ ಯೋಜನೆಗಾಗಿ ಕಾಯುತ್ತ ಕೂಡಬೇಕಾಗಿಯೂ ಇಲ್ಲ. ಒಂದು ಟಿ.ಸಿ.ಯ ಮಂದಿ ಒಪ್ಪಿದರೆ ನಾಳೆಯಿಂದಲೇ ಆಗುವ ಕೆಲಸಗಳಿವೆ. ಎಲ್ಲ ಮೋಟರುಗಳಿಗೂ ತಕ್ಕ ಕೆಪ್ಯಾಸಿಟರ್ ಕೂಡಿಸಿದರೆ, ಹನ್ನೆರಡು ಮೋಟರುಗಳ ಎಪ್ಪತ್ತು ಕೆ.ವಿ.ಎ. ಹೊರೆ ಅರವತ್ತರ ಒಳಗೆ ಬರಬಲ್ಲುದು. ಇದು ಪಂಪಿನ ಬೆಲೆಯ ಮುಂದೆ ಸಣ್ಣ ಖರ್ಚು. ಆಟೋ ಸ್ಟಾರ್ಟರ್ ತೆಗೆದು, ಇಲ್ಲವೆ ಒಬ್ಬರ ಹಿಂದೆ ಒಬ್ಬರದು ಏಳುವಂತೆ ಹೊತ್ತು ಹಚ್ಚಿ, ಮೋಟರುಗಳನ್ನು ಪಾಳಿಯಲ್ಲಿ ನಡೆಸಬಹುದು. ಸೋರುವ ಜೋಡಣೆಗಳನ್ನು ಬಿಗಿ ಮಾಡಿಸಬಹುದು. ಮೂರನೆಯ ಸಲ ಸುಟ್ಟ ಮೋಟರಿಗೆ ನಾಲ್ಕನೆಯ ಸಲ ತಂತಿ ಸುತ್ತಿಸುವ ಮೊದಲು ಹೊಸದರ ಬೆಲೆ ವಿಚಾರಿಸಬಹುದು. ಟಿ.ಸಿ. ಮೇಲೆ ಲೆಕ್ಕಕ್ಕೆ ಸಿಗದ ಮೋಟರು ಯಾರದಾದರೂ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ನಿಜವಾದ ಹೊರೆಗೆ ತಕ್ಕ ಟಿ.ಸಿ.ಯನ್ನು ಕೇಳಬಹುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದೆಂದು ಬಲ್ಲೆ.

ಇಷ್ಟನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಹೋಗಿ ಮೊನ್ನೆ ನನ್ನ ಶಿಷ್ಯನಿಗೆ ಓದಿ ಹೇಳಿದೆ. ಟಿ.ಸಿ. ಬದಲಾಗಿ ಬಂದಿತ್ತು, ಅಷ್ಟರೊಳಗೆ ಅವನ ಅಡಿಕೆಯಲ್ಲಿ ಎರಡು ಸಾಲು ಒಣಗಿ ಹೋಗಿದ್ದವು. ಅವನು ಬಹಳ ಹೊತ್ತು ಎಪ್ಪತ್ತು, ನಲವತ್ತನಾಲ್ಕು ಎಂಬ ಎರಡು ಅಂಕಿಗಳ ಮೇಲೆಯೇ ಬೆರಳಿಟ್ಟುಕೊಂಡು ಕುಳಿತಿದ್ದ. ಆಮೇಲೆ ಹೇಳಿದ:

“ಹಂಗಾರ ಹನ್ನೆರಡೂ ಮಂದಿ ಕೂಡಬೇಕು ಅನ್ರಿ ಸರ. ಮೋಟರ ಕೂಡಸೋದು ಸಸಾರ, ಮಂದಿ ಕೂಡಸೋದು ತ್ರಾಸು. ಅಮಾಸಿ ದಿನ ಯಾರೂ ಬೇಸಾಯ ಹೂಡಂಗಿಲ್ಲ, ಎಲ್ಲಾರೂ ಊರಾಗ ಇರತಾರ. ನೀವೂ ಬರ್ರಿ. ನಾ ಹೇಳಿದ್ರ ಕೇಳಂಗಿಲ್ಲ, ಹಲಗಿ ಮ್ಯಾಲ ಬರದು ತೋರಸ್ರಿ.”

ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ. ಹನ್ನೆರಡರಲ್ಲಿ ಐದು ಮಂದಿ ನನ್ನ ವಿದ್ಯಾರ್ಥಿಗಳೇ ಆಗಿದ್ದವರು. ಅವರಲ್ಲಿ ಯಾರ ಯಾರ ನಡುವೆ ಬದುವಿನ ಜಗಳವಿದೆಯೆಂಬುದೂ ನನಗೆ ಗೊತ್ತು. ಶಾಲೆಯ ವಿಜ್ಞಾನದ ಅಧ್ಯಾಪಕರನ್ನು ಜೊತೆಗೆ ಕರೆದಿದ್ದೇನೆ. ಅವರು ವೋಲ್ಟೇಜು ಅಳೆಯುವ ಮೀಟರು ತರುತ್ತಾರೆ, ನಾನು ಸೀಮೆಸುಣ್ಣ ತರುತ್ತೇನೆ.